ಗಾಲಿಗೆ ಬಂದ ಪೊರೆ

“ಅಲ್ಲ, ಈ ಬಿಳಿ ಎಲ್ಲಿಂದ ಬಂತು?”

ಹೆಂಡತಿ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಕೆಲಸದಲ್ಲಿ ಮುಳುಗಿದಾಗ ಗಾಳಿಯ ಜೊತೆ ಮಾತಾಡುವುದು ಅವಳ ರೂಢಿ. ಸ್ಟೂಲಿನ ಮೇಲೆ ಕೂತು, ಕಾರಿನ ಗಾಲಿಯನ್ನು ಮಂಡಿಗೆ ಆನಿಸಿಕೊಂಡು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಕತ್ತನ್ನು ಒಮ್ಮೆ ಈ ಕಡೆಗೆ ಒಮ್ಮೆ ಆ ಕಡೆಗೆ ವಾಲಿಸಿ ನೋಡುತ್ತಿದ್ದಳು. ಆದರೂ ಆ ಪ್ರಶ್ನೆ ಕೋಣೆಯನ್ನು ದಾಟಿಕೊಂಡು ಹೋಗಿ, ಓವನ್ನಿನ ಬಾಗಿಲು ಒರೆಸುತ್ತಿದ್ದ ಗಂಡನ ಬೆನ್ನಿಗೆ ಅಂಟಿಕೊಂಡಿತು. ಅವನು ತಿರುಗಲಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

ಊರವರಿಗೆಲ್ಲ ಅವನು ಮೇಸ್ತ್ರಿ. ಅವನ ಗಾಲಿ ರಿಪೇರಿ ಅಂಗಡಿ ಎಂದರೆ ಮುಂದೆ ಒಂದು ಕೋಣೆ, ಹಿಂದೆ ಒಂದು ಕೋಣೆ, ನಡುವೆ ಎದೆಯ ಮಟ್ಟದವರೆಗಿನ ಒಂದು ಅರೆಬಾಗಿಲು. ಮುಂದಿನದರಲ್ಲಿ ಗಿರಾಕಿಗಳಿಗೆ ಎರಡು ಕುರ್ಚಿ, ಒಂದು ಫ್ಯಾನು. ಹಿಂದಿನದರಲ್ಲಿ ಓವನ್ನು, ಬಣ್ಣ ಹೊಡೆಯುವ ಗನ್ನು, ನೀರಿನ ತೊಟ್ಟಿ, ಅವಳ ಸ್ಟೂಲು. ಮದುವೆಯಾಗಿ ಬಂದ ಹೊಸದರಲ್ಲೇ ಕೆಲಸ ತಾನಾಗಿ ಎರಡು ಪಾಲಾಗಿತ್ತು. ಸೊಟ್ಟಗಾದ ಗಾಲಿಯನ್ನು ನೆಟ್ಟಗೆ ಮಾಡುವುದು, ಬಣ್ಣ ಹೊಡೆಯುವುದು, ಆ ಬಣ್ಣ ಗಟ್ಟಿಯಾಗಲು ಓವನ್ನಿನಲ್ಲಿಟ್ಟು ಬೇಯಿಸುವುದು ಅವನದು; ಹೊಳಪು ಪೂರಾ ಅವಳದು. ಈಗಿನ ಗಾಲಿಗಳಿಗೆ ಲೋಹದ ಮೇಲೆ ಗಾಜಿನಂಥ ಒಂದು ತೆಳು ಲೇಪ ಇರುತ್ತದೆ, ಕ್ಲಿಯರ್ ಕೋಟು ಅನ್ನುತ್ತಾರೆ. ಬೆಳಕಿಗೆ ಮಿಂಚುವುದು ಲೋಹವಲ್ಲ, ಆ ಲೇಪ. ಗೊತ್ತಿಲ್ಲದವರು ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ ಅದನ್ನು ತಿಕ್ಕಿ ತಿಕ್ಕಿ ಮಸುಕು ಮಾಡಿಕೊಂಡು, ಆಮೇಲೆ ಅಳುಮೋರೆ ಹೊತ್ತು ಇಲ್ಲಿಗೆ ಬರುತ್ತಾರೆ. ಹಾಗೆ ಬಂದವರ ಗಾಲಿಗೆ ಅವಳು ಹೋದ ಜೀವ ತರಿಸುತ್ತಿದ್ದಳು. ಮಗುವಿನ ಕೆನ್ನೆ ಒರೆಸುವಷ್ಟು ಹಗುರವಾಗಿ ತಿಕ್ಕಬೇಕು, ಆದರೆ ಕೈ ನಿಲ್ಲಬಾರದು. ಅದಿಷ್ಟೇ ಗುಟ್ಟು ಅನ್ನುತ್ತಿದ್ದಳು.

ಈ ಹೊತ್ತು ಅವಳ ಮಂಡಿಯ ಮೇಲಿದ್ದದ್ದು ನಡುವಿನಿಂದ ಅಂಚಿಗೆ ಐದು ತೋಳು ಚಾಚಿದ ಬೆಳ್ಳಿ ಬಣ್ಣದ ಗಾಲಿ. ಅದರ ಕಾರು ಹೊರಗೆ ಅಂಗಳದಲ್ಲಿ ಮುಂದಿನ ಬಲಗಾಲು ಕಳಚಿಕೊಂಡು ಜಾಕಿಯ ಮೇಲೆ ನಿಂತಿತ್ತು. ಕಾರಿನ ಯಜಮಾನಿ ಮುಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ವಯಸ್ಸಾದವರು, ಕೈಯಲ್ಲಿ ಕೋಲು. ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮ. ಕಾರಿನ ಡ್ರೈವರು ಮೇಸ್ತ್ರಿಯ ಭಾಮೈದ. ತಾಯಿ ಹೋದ ಮೇಲೆ ಅಕ್ಕನ ಕೈತುತ್ತು ತಿಂದು ಬೆಳೆದವನು, ಮೀಸೆ ಬಂದ ಮೇಲೂ ಅವಳಿಗೆ ಅವನು ಪುಟ್ಟನೇ.

ದೊಡ್ಡಮ್ಮನಿಗೆ ಒಂದು ಅಭ್ಯಾಸ. ಕಾರು ಹತ್ತುವ ಮೊದಲು ಸುತ್ತ ಒಂದು ಬಳಸು ನಡೆದು, ಪ್ರತಿ ಗಾಲಿಯ ಮುಂದೆ ನಿಂತು, ಅದರಲ್ಲಿ ಮುಖ ಕಂಡರೆ ಮಾತ್ರ ಒಳಗೆ ಕಾಲಿಡುತ್ತಿದ್ದರು. ಇವತ್ತು ಬೆಳಿಗ್ಗೆ ಬಲಗಡೆಯ ಮುಂದಿನ ಗಾಲಿಯ ಹತ್ತಿರ ನಿಂತವರು ಕೋಲಿನ ತುದಿಯಿಂದ ಒಂದು ತೋಳಿನ ಬುಡ ತೋರಿಸಿ, “ಏನಪ್ಪ ಇದು, ನನ್ನ ಕಣ್ಣಿಗೆ ಬಂದಿದ್ದ ಪೊರೆ ಇದಕ್ಕೂ ಬಂತಾ?” ಅಂದರಂತೆ. ಘಟ್ಟ ಇಳಿದು ತಂಗಿಯ ಊರಿಗೆ ಹೊರಟಿದ್ದರು. ತಂಗಿ ಹಾಸಿಗೆ ಹಿಡಿದಿದ್ದಾಳೆ, ಒಂದು ಸಲ ಬಂದು ಮುಖ ತೋರಿಸಿ ಹೋಗು ಅಂದಿದ್ದಾಳೆ. ಆದರೂ ಪೊರೆ ಬಂದ ಗಾಲಿಯಲ್ಲಿ ಹೇಗೆ ಹೋಗುವುದು, ದಾರಿಯಲ್ಲೇ ಇದೆಯಲ್ಲ ನಿಮ್ಮಕ್ಕನ ಅಂಗಡಿ, ತೋರಿಸಿಕೊಂಡೇ ಹೋಗೋಣ ಅಂದರು. ಬೇಡ ಅನ್ನಲು ಹುಡುಗನಿಗೆ ನೆಪ ಸಿಗಲಿಲ್ಲ.

“ಪಾಲಿಶ್ ಹಿಡೀತಾ ಇದೆ,” ಅಂದಳು ಹೆಂಡತಿ, ಈ ಸಲ ಗಂಡನಿಗೇ. “ನೋಡಿ, ಬಿಳಿ ಬಟ್ಟೇಲಿ ಒತ್ತಿ ತಿಕ್ಕಿದೆ, ಲೋಹದ ಕಪ್ಪು ಹತ್ತಲಿಲ್ಲ. ಕೋಟು ಇನ್ನೂ ಗಟ್ಟಿಯಾಗಿದೆ. ನಾಲ್ಕು ತೋಳು ಕನ್ನಡಿ ಆಗಿದಾವೆ. ಇದೊಂದರ ಬುಡ ಮಾತ್ರ ಹಟ ಹಿಡಿದು ಕೂತಿದೆ. ಮೇಲಿನ ಮಸುಕಾದರೆ ಇಷ್ಟೊತ್ತಿಗೆ ಎದ್ದು ಹೋಗಬೇಕಿತ್ತು. ಇದು ಒಳಗಿಂದ ಬಂದಿರೋದು.”

“ಹೂಂ,” ಅಂದ ಮೇಸ್ತ್ರಿ.

“ಏನು ಹೂಂ? ಬಂದು ನೋಡಬಾರದಾ? ಆ ಬಾಗಿಲನ್ನ ಒರೆಸಿ ಒರೆಸಿ ಇನ್ನೇನು ಆಚೆ ಕಡೆ ಕಾಣುತ್ತೆ.”

ಅವನು ಬಂದ. ಬಗ್ಗಿ ನೋಡಿದ. ನೋಡದಿದ್ದರೂ ಆಗುತ್ತಿತ್ತು. ತೋಳು ಹೋಗಿ ಅಂಚನ್ನು ಸೇರುವ ಜಾಗದಲ್ಲಿ, ಹಾಲು ಚೆಲ್ಲಿ ಒರೆಸಿದ ಹಾಗೆ, ಒಂದು ಬೆಳ್ಳನೆಯ ಮಬ್ಬು. ಮಬ್ಬಿನ ನಡುವೆ ಕಂಡೂ ಕಾಣದ ಒಂದು ಎಳೆ.

ಹೋದ ತಿಂಗಳು ಒಂದು ಭಾನುವಾರ ಹೆಂಡತಿ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಆ ದಿನ ಭಾಮೈದ ದೊಡ್ಡಮ್ಮನನ್ನು ಕೇಳದೆ ಕಾರು ತೆಗೆದುಕೊಂಡು ಮದುವೆ ಗೊತ್ತಾಗಿದ್ದ ಹುಡುಗಿಯ ಮನೆಗೆ ಹೋಗಿದ್ದ. ಹುಡುಗಿಯ ತಂದೆಯ ಎದುರಿಗೆ ಅಂಥ ಕಾರಿನಿಂದ ಇಳಿಯಬೇಕು ಅನ್ನುವ ಒಂದು ಸಣ್ಣ ಆಸೆ, ಅಷ್ಟೇ. ಹಿಂದಿರುಗುವಾಗ ತಿರುವಿನಲ್ಲಿ ಗಾಲಿ ರಸ್ತೆಯಂಚಿನ ಕಲ್ಲಿಗೆ ಬಡಿದಿತ್ತು. ಏದುಸಿರು ಬಿಡುತ್ತ ಅಂಗಡಿಗೆ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನಿಗಿಂತ ಮೊದಲಿದ್ದ ಡ್ರೈವರು ಹೀಗೇ ಸ್ನೇಹಿತನ ಮನೆಗೆ ಕಾರು ಒಯ್ದಿದ್ದ; ದೊಡ್ಡಮ್ಮ ಗೇಟಿನ ಹತ್ತಿರವೇ ಕೀಲಿಕೈ ಇಸಿದುಕೊಂಡು, ನಿಂತ ಕಾಲಲ್ಲೇ ಕಳಿಸಿಬಿಟ್ಟಿದ್ದರು. ಕೆಲಸ ಹೋದರೆ ಮದುವೆಯೂ ಹೋಯಿತು. ಹುಡುಗಿಯ ತಂದೆ ಹೆಣ್ಣು ಕೊಡಲು ಒಪ್ಪಿದ್ದೇ, ಒಂದೇ ಮನೆಯಲ್ಲಿ ಕಾಯಮ್ಮಾಗಿ ನಿಂತ ಹುಡುಗ ಅಂತ.

ಏಟು ತಿಂದು ಬಂದ ಗಾಲಿಗೆ ಈ ಅಂಗಡಿಯಲ್ಲಿ ಒಂದು ಪರೀಕ್ಷೆ ಇತ್ತು. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾಯುವುದು. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಮೇಲೆ ಬಂದು ಪುಡಿಯಲ್ಲಿ ಗೆರೆ ಬರೆಯುತ್ತದೆ. ಆ ಭಾನುವಾರ ಮೇಸ್ತ್ರಿಯ ಕೈ ಶೆಲ್ಫಿನ ಮೇಲಿದ್ದ ಸೀಮೆಎಣ್ಣೆ ಬಾಟಲಿಯವರೆಗೂ ಹೋಗಿತ್ತು. ತೋಳಿನ ಬುಡದಲ್ಲಿ ಕೂದಲೆಳೆಯಂಥದ್ದೊಂದು ಅವನ ಕಣ್ಣಿಗೆ ಬಿದ್ದಿತ್ತು. ಭಾಮೈದ ಬೆನ್ನ ಹಿಂದೆ ನಿಂತು, “ಭಾವ, ದೊಡ್ಡಮ್ಮ ಮಧ್ಯಾಹ್ನದ ನಿದ್ದೆಯಿಂದ ಏಳೋದರೊಳಗೆ ಕಾರು ಶೆಡ್ಡಲ್ಲಿರಬೇಕು,” ಅಂದ. ಕೈ ಹಿಂದಕ್ಕೆ ಬಂತು. ಗೀರು ಇರಬೇಕು ಅಂದುಕೊಂಡ. ಅಂದುಕೊಂಡದ್ದೇ ನಿಜ ಅನ್ನಿಸಿತು. ಉಜ್ಜಿದ, ಬಣ್ಣ ಹೊಡೆದ, ಕೋಟು ಎಳೆದ, ಬೇಯಿಸಿದ. ಗಾಲಿ ಮದುಮಗನ ಹಾಗೆ ಹೊಳೆಯುತ್ತ ಹೋಯಿತು.

ಅವತ್ತಿನಿಂದ ಅವನು ನಿದ್ದೆ ಕೆಟ್ಟೇನೂ ಒದ್ದಾಡಿರಲಿಲ್ಲ. ಅದೇ ಈಗ ಅವನನ್ನು ಹೆಚ್ಚು ಹೆದರಿಸಿತು. ಪೂರಾ ಮರೆತೇ ಬಿಟ್ಟಿದ್ದ.

“ನನ್ನದೇ ತಪ್ಪು ಇದು,” ಅಂದಳು ಹೆಂಡತಿ ಇದ್ದಕ್ಕಿದ್ದ ಹಾಗೆ.

“ಏನು?”

“ಹೋದ ವಾರ ಪುಟ್ಟ ಕಾರು ತೊಳಿಸೋಕೆ ಬಂದಿದ್ದನಲ್ಲ. ಆ ಹೊಸ ಸೋಪಿನ ನೀರು ಹಾಕಿದೆ. ಖಾರದ್ದು ಅದು, ತೆಳುವಾಗಿ ಕಲಸಬೇಕಿತ್ತು. ಬುಡದಲ್ಲಿ ನಿಂತುಬಿಟ್ಟಿದೆ. ಕೋಟಿನ ಕೆಳಗೆ ಇಳಿದಿದೆ.” ಅವಳು ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. “ಎಷ್ಟು ಜನರಿಗೆ ಪಾಠ ಹೇಳ್ತೀನಿ ನಾನು. ನನ್ನ ಕೈಯಲ್ಲೇ ಆಯ್ತು ನೋಡಿ. ಹೋಗಿ ಹೇಳಿಬಿಡ್ತೀನಿ ಅವರಿಗೆ.”

“ಏನಂತ?”

“ತಪ್ಪಾಯ್ತು, ನಾನೇ ಕೆಡಿಸಿದ್ದು ಅಂತ. ಬೇರೆ ಕೋಟು ಹೊಡೆದು ಕೊಡ್ತೀವಿ, ಎರಡು ದಿನ ಬಿಡಿ ಅಂತ. ಅದಕ್ಕೇನು ನಾಚಿಕೆ?”

ಗಾಲಿಯನ್ನು ಸ್ಟೂಲಿಗೆ ಒರಗಿಸಿ ಎದ್ದೇಬಿಟ್ಟಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿನ ಗಂಟು ಬಿಚ್ಚುತ್ತ ಅರೆಬಾಗಿಲ ಕಡೆಗೆ ಹೊರಟಳು. ಮೇಸ್ತ್ರಿ ಅವಳ ಹಿಂದೆಯೇ ಹೋದ. ಮಾಡದ ತಪ್ಪಿಗೆ ಇವಳು ಮುದುಕಿಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾಳೆ, ತಾನು ಇಲ್ಲಿ ಓವನ್ನಿನ ಬಾಗಿಲು ಒರೆಸಿಕೊಂಡು ಇರುತ್ತೇನೆ. ತೋಳು ಹಿಡಿದು ನಿಲ್ಲಿಸಿದ.

“ಇರು. ಸೋಪಿನದಲ್ಲ ಅದು.”

“ಮತ್ತೆ ಯಾವುದರದು?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಂಗಳದ ಬಾಗಿಲಿಂದ ಭಾಮೈದ ಒಳಗೆ ಬಂದ. ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ, ಗಾಲಿಯನ್ನು ಮಾತ್ರ ನೋಡಲಿಲ್ಲ.

“ಏನು ಭಾವ, ಇನ್ನೂ ಎಷ್ಟೊತ್ತು? ಒಳಗೆ ಕೋಲು ಕುಟ್ಟೋಕೆ ಶುರು ಮಾಡಿದಾರೆ.”

“ಕುಟ್ಟಲಿ ಬಿಡೋ,” ಅಂದಳು ಅಕ್ಕ. “ಹೊಳಪು ಅನ್ನೋದೇನು ನಲ್ಲಿ ತಿರುಗಿಸಿದರೆ ಬರುತ್ತಾ?”

“ಇಷ್ಟು ಸಾಕಕ್ಕ. ಮೇಲೆ ಒಂದು ಕೈ ಕೋಟು ಎಳೆದುಬಿಟ್ಟರೆ ಮುಚ್ಚಿಹೋಗುತ್ತೆ. ಅಲ್ವಾ ಭಾವ?”

“ಪೊರೆ ಮೇಲೆ ಪೊರೆ ಹೊದಿಸೋದಾ? ಯಾವಾಗಿಂದ ಮೇಸ್ತ್ರಿ ಆದೆ ನೀನು? ಸ್ಟೇರಿಂಗು ಹಿಡಿಯೋದು ಬಿಟ್ಟು ನನಗೆ ಕೋಟು ಹೇಳಿಕೊಡೋಕೆ ಬಂದ.”

ಯಾವಾಗಲೂ ಆಗಿದ್ದರೆ ಹುಡುಗ ತಿರುಗಿ ಏನಾದರೂ ಅಂದು ನಗುತ್ತಿದ್ದ. ಇವತ್ತು ನಗಲಿಲ್ಲ. ಭಾವನ ಕಣ್ಣನ್ನೇ ಹಿಡಿದು ನಿಂತ. ಆ ನೋಟದಲ್ಲಿ ಬೇಡಿಕೆ ಇತ್ತು, ಸ್ವಲ್ಪ ಬೆದರಿಕೆಯೂ ಇತ್ತು: ಇದು ನಮ್ಮಿಬ್ಬರದು, ನೆನಪಿರಲಿ.

ಮೇಸ್ತ್ರಿ ಹೆಂಡತಿಯ ತೋಳು ಬಿಟ್ಟ. ಶೆಲ್ಫಿನ ಹತ್ತಿರ ಹೋದ. ಸೀಮೆಎಣ್ಣೆ ಬಾಟಲಿ ತೆಗೆದ, ಸೀಮೆಸುಣ್ಣದ ಪುಡಿಯ ಡಬ್ಬಿ ತೆಗೆದ, ಬಣ್ಣ ಉಜ್ಜಿ ತೆಗೆಯುವ ವಾಟರ್ ಪೇಪರ್ ಒಂದು ಚೂರು ಹರಿದುಕೊಂಡ. ಬಂದು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅದ್ಯಾಕೆ?” ಅಂದಳು ಹೆಂಡತಿ. “ಇದು ಏಟು ತಿಂದ ಗಾಲಿ ಅಲ್ಲವಲ್ಲ.”

ಮುಂದಿನ ಕೋಣೆಯಲ್ಲಿ ಫ್ಯಾನು ಒಂದೇ ಸಮ ಗೊರಗುಟ್ಟುತ್ತಿತ್ತು.

“ಏನೋ ಪುಟ್ಟ, ಎಲ್ಲಾದರೂ ತಾಗಿಸಿದೆಯಾ?”

“ಇಲ್ಲಕ್ಕ.”

“ದೇವರಾಣೆ?”

“ಅಯ್ಯೋ, ಇಲ್ಲ ಅಂದೆನಲ್ಲ. ಒಂದು ಗಾಲಿಗೆ ದೇವರನ್ನ ಯಾಕೆ ಕರೀತೀಯ.”

ಮೇಸ್ತ್ರಿ ಕಾಗದವನ್ನು ನೀರಲ್ಲಿ ಅದ್ದಿ ಬೆಳ್ಳನೆಯ ಜಾಗವನ್ನು ಉಜ್ಜತೊಡಗಿದ. ತಾನೇ ಎಳೆದ ಕೋಟು ಹಾಲಿನ ನೀರಾಗಿ ಕರಗಿ ಬೆರಳ ಸಂದಿಯಲ್ಲಿ ಇಳಿಯಿತು. ಅದರ ಕೆಳಗೆ ತಾನೇ ಹೊಡೆದ ಬಣ್ಣ, ಬೂದಿಯ ನೀರಾಗಿ. ಅದರ ಕೆಳಗೆ ಬರಿಯ ಲೋಹ. ಅವನು ಬಟ್ಟೆಯಿಂದ ಒತ್ತಿ ಒಣಗಿಸಿದ. ಸೀಮೆಎಣ್ಣೆ ಸವರಿದ. ಕಮಟು ವಾಸನೆ ಕೋಣೆ ತುಂಬಿತು. ಎಣ್ಣೆ ಇಳಿಯುವುದಕ್ಕೆ ಬಿಡಬೇಕು, ಬಿಟ್ಟು ಕೂತ. ಈ ಕೆಲಸದಲ್ಲಿ ಅವಸರ ಮಾಡಿದರೆ ಗಾಲಿ ಸುಳ್ಳು ಹೇಳುತ್ತದೆ.

ಅರೆಬಾಗಿಲ ಆಚೆಯಿಂದ ದೊಡ್ಡಮ್ಮನ ದನಿ ಬಂತು. “ಮೇಸ್ತ್ರಿ, ಒಳಗೆ ಏನು, ಗಾಲಿಗೆ ಎಣ್ಣೆಸ್ನಾನ ಮಾಡಿಸ್ತಾ ಇದೀರಾ? ವಾಸನೆ ಬರ್ತಿದೆ.”

“ಆಯ್ತು ಅಮ್ಮ, ಇನ್ನೇನು,” ಅಂದ ಭಾಮೈದ, ಎಲ್ಲರಿಗಿಂತ ಮೊದಲು.

“ನಿನ್ನನ್ನ ಕೇಳಲಿಲ್ಲ ನಾನು.”

ಹುಡುಗ ತುಟಿ ಕಚ್ಚಿಕೊಂಡ. ಹೆಂಡತಿ ಗಂಡನ ಎದುರಿಗೆ ಬಂದು ಕೂತಳು. ಅವಳ ಕಣ್ಣು ಈಗ ಗಾಲಿಯ ಮೇಲಿರಲಿಲ್ಲ, ಅವನ ಕೈಗಳ ಮೇಲಿತ್ತು.

ಅವನು ಎಣ್ಣೆ ಒರೆಸಿದ. ಒಂದು ಹನಿ ಉಳಿಯದ ಹಾಗೆ ಒರೆಸಿದ. ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಮೆಲ್ಲಗೆ ಉದುರಿಸಿದ. ತೋಳಿನ ಬುಡ ಬೆಳ್ಳಗೆ, ಒಣಗಿದ ಸುಣ್ಣದ ಗೋಡೆಯ ಹಾಗೆ ಆಯಿತು. ಮೂರು ತಲೆ ಅದರ ಮೇಲೆ ಬಗ್ಗಿದವು.

ಏನೂ ಆಗಲಿಲ್ಲ.

ಪುಡಿ ಬೆಳ್ಳಗೇ ಇತ್ತು. ಹೊರಗೆ ರಸ್ತೆಯಲ್ಲಿ ಯಾವುದೋ ಲಾರಿ ಹಾರನ್ನು ಹೊಡೆದುಕೊಂಡು ಹೋಯಿತು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಪುಡಿ ಬೆಳ್ಳಗೇ ಇತ್ತು. ಮೇಸ್ತ್ರಿಯ ಎದೆಯಲ್ಲಿ ಒಂದು ಆಸೆ ಕಳ್ಳನ ಹಾಗೆ ಒಳಗೆ ಬಂತು. ಗೀರೇ ಇರಬೇಕು. ಅವತ್ತು ನಾನು ನೋಡಿದ್ದು ಸರಿಯಾಗಿಯೇ ಇರಬೇಕು. ದೇವರೇ, ಗೀರೇ ಆಗಿರಲಿ. ಭಾಮೈದನ ಬಾಯಿಯಿಂದ ತಡೆದಿಟ್ಟ ಉಸಿರು ಹೊರಬಿತ್ತು. “ನೋಡಿದೆಯಾ ಅಕ್ಕ, ಸುಮ್ಮನೆ ಭಾವನಿಗೆ—”

“ತಡಿ,” ಅಂದಳು ಅವಳು.

ಪುಡಿಯ ನಡುವೆ ಒಂದು ಕಡೆ ಬಿಳುಪು ಸೊರಗಿತು. ಸಾಸಿವೆಯಷ್ಟು ಒದ್ದೆ. ಒದ್ದೆಗೆ ಬಾಲ ಬಂತು. ಬಾಲ ತೋಳಿನ ಅಡ್ಡಕ್ಕೆ ಇಷ್ಟಿಷ್ಟೇ ಹರಿದು, ಅಂಚಿನ ಹತ್ತಿರ ತಿರುಗಿ, ತಿರುಗಿದ್ದು ನಿಲ್ಲದೆ ಇನ್ನೂ ಮುಂದಕ್ಕೆ ಹೋಗಿ, ಅಲ್ಲಿಂದಲೂ ಹಿಂಬದಿಗೆ ಇಳಿಯಿತು. ಯಾರೋ ಒಳಗೆ ಕೂತು ನಿಧಾನವಾಗಿ ಬರೆಯುತ್ತಿದ್ದ ಹಾಗೆ.

“ಬೆಳೆದುಬಿಟ್ಟಿದೆ,” ಅಂದ ಮೇಸ್ತ್ರಿ.

ಅಂದಮೇಲೆ ಅವನಿಗೆ ತಾನು ಅಂದದ್ದು ಕೇಳಿಸಿತು.

ಹೆಂಡತಿ ತಲೆಯೆತ್ತಿದಳು. ಅವಳ ದನಿ ತೀರಾ ಸಣ್ಣಗಿತ್ತು. “ಬೆಳೆದಿದೆಯಾ? ಬೆಳೆದಿದೆ ಅನ್ನೋಕೆ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕಲ್ಲ.”

ಅವನು ಗಾಲಿಯನ್ನೇ ನೋಡುತ್ತಿದ್ದ.

“ರೀ. ನಿಮ್ಮನ್ನೇ.”

“ನೀನು ಚಿಕ್ಕಮ್ಮನ ಮನೆಗೆ ಹೋಗಿದ್ದ ಭಾನುವಾರ ತಂದಿದ್ದ,” ಅಂದ. “ಕಲ್ಲಿಗೆ ಬಡಿದಿತ್ತು. ಕೂದಲಿನಷ್ಟಿತ್ತು. ಕಂಡಿತ್ತು ನನಗೆ. ಪುಡಿ ಹಾಕಿ ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತೆ ಅಂತ ನೋಡಲಿಲ್ಲ. ಮುಚ್ಚಿದೆ.”

“ಅವರದ್ದೇನೂ ತಪ್ಪಿಲ್ಲಕ್ಕ, ನಾನೇ ಅವಸರ—”

“ನೀನು ಬಾಯಿ ಮುಚ್ಚು.” ಕೂಗುವ ಹಾಗಿರಲಿಲ್ಲ, ಆಚೆ ಕಡೆ ಮುದುಕಿ ಇದ್ದರು. ಕೂಗಲಾರದ ಸಿಟ್ಟು ಅವಳ ಮೂಗಿನ ಹೊಳ್ಳೆಗಳಲ್ಲಿ ನಿಂತಿತ್ತು. “ದೇವರಾಣೆ ಅಂದರೆ ದೇವರನ್ನ ಯಾಕೆ ಕರೀತೀಯ ಅಂತೀಯಲ್ಲ, ಇದಕ್ಕೇನಾ? ಮತ್ತೆ ನೀವು. ನಾನು ಸೋಪು ಸೋಪು ಅಂತ ಬಡಕೊಳ್ಳುತ್ತಾ ಇದ್ದರೆ, ಹೂಂ ಅಂತೀರಿ. ಹೂಂ. ಒಂದು ತಿಂಗಳು ಈ ಗಾಲಿ ಅವರನ್ನ ಕೂರಿಸಿಕೊಂಡು ಊರೆಲ್ಲಾ ಸುತ್ತಿದೆ. ಇವನನ್ನೂ.”

ಅವಳು ತಮ್ಮನ ಮುಖ ನೋಡಿದಳು. ಆ ಮಾತು ಬಾಯಿಂದ ಹೊರಬಿದ್ದಾಗಲೇ ಅದರ ಅರ್ಥ ಅವಳಿಗೆ ತಟ್ಟಿದ ಹಾಗಿತ್ತು. ಕೈ ಚಾಚಿ ಅವನ ಅಂಗಿಯ ತೋಳನ್ನು ಹಿಡಿದಳು, ಎಲ್ಲೋ ಬೀಳುತ್ತಿರುವವನನ್ನು ಹಿಡಿಯುವ ಹಾಗೆ.

ಹುಡುಗ ಆ ಹಿಡಿತದಲ್ಲೇ ಮಂಡಿಯೂರಿ ಕೂತ. ಪಿಸುಗುಟ್ಟುವ ದನಿಯಲ್ಲಿ ಒಂದೇ ಉಸಿರಿಗೆ ಸುರಿದ. “ಅಕ್ಕ, ಈಗ ಹೇಳಿದರೆ ಎಲ್ಲಾ ಮುಗೀತು. ಬಿರುಕು ಹೇಗೆ ಬಂತು ಅಂತಾರೆ. ಯಾವತ್ತು ಬಡಿದೆ ಅಂತಾರೆ. ಭಾನುವಾರ ಅಂದರೆ ಭಾನುವಾರ ನನ್ನ ಕಾರು ಎಲ್ಲಿಗೆ ಹೋಗಿತ್ತು ಅಂತಾರೆ. ಬಿಡೋರಲ್ಲ ಅವರು. ಇವತ್ತೊಂದು ದಿನ. ಇಳಿದು ಬಂದುಬಿಡ್ತೀನಿ. ಬಂದ ಮೇಲೆ ಎಲ್ಲಿಂದಾದರೂ ಇಂಥದೇ ಗಾಲಿ ಹುಡುಕಿ ಹಾಕಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಮದುವೆ ಮುಂದಿದೆ ಅಕ್ಕ.”

“ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ವಾ?”

“ಅದು ಸಣ್ಣ ಗಾಲಿ, ಪಂಚರ್ ಆದರೆ ಅಂಗಡಿವರೆಗೂ ಹೋಗೋಕೆ ಇರೋದು. ಅದನ್ನ ಹಾಕಿ ಘಟ್ಟ ಇಳಿಯೋಕಾಗಲ್ಲ. ಹಾಕಿದರೂ ಇದಕ್ಕೇನಾಯ್ತು ಅಂತ ಕೇಳದೆ ಬಿಡ್ತಾರಾ? ಪಾಲಿಶಿಗೆ ಎರಡು ದಿನ ಬೇಕು ಅಂದರೆ, ಪಾಲಿಶ್ ಬೇಡ ಹಾಗೇ ಹಾಕು ಅಂತಾರೆ.”

ಹೌದು. ಮೇಸ್ತ್ರಿ ಅದನ್ನು ಆಗಲೇ ಯೋಚಿಸಿ ಮುಗಿಸಿದ್ದ. ಹೊಳಪಿಲ್ಲದ ಗಾಲಿಯೂ ಉರುಳುತ್ತದೆ. ಈ ಗಾಲಿ ಇಲ್ಲೇ ಉಳಿಯಬೇಕಾದರೆ ಒಂದೇ ದಾರಿ, ಮುರಿದಿದೆ ಅಂತ ಹೇಳುವುದು. ಅವನ ಕಣ್ಣ ಮುಂದೆ ಘಟ್ಟದ ರಸ್ತೆ ಬಂತು. ಬಲಕ್ಕೆ ತಿರುವು, ಎಡಕ್ಕೆ ತಿರುವು, ತಿರುವು ತಿರುವಿಗೂ ಬ್ರೇಕು. ಬ್ರೇಕು ಒತ್ತಿದಾಗಲೆಲ್ಲ ಕಾರಿನ ಭಾರ ಪೂರಾ ಮುಂದಿನ ಎರಡು ಗಾಲಿಯ ಮೇಲೆ. ಈ ತೋಳು ಬಿಟ್ಟುಕೊಂಡರೆ ಪಕ್ಕದ ತೋಳಿಗೆ ಆ ಭಾರ. ಅದೂ ಬಿಟ್ಟರೆ ಮುಂದಕ್ಕೆ ಯೋಚನೆ ಹೋಗಲಿಲ್ಲ.

ಹೆಂಡತಿ ತಮ್ಮನ ಅಂಗಿ ಬಿಟ್ಟಳು. ಬಹಳ ಹೊತ್ತು ಪುಡಿಯ ಮೇಲಿನ ಗೆರೆ ನೋಡಿದಳು. ಅವಳು ಏನು ಅನ್ನುತ್ತಾಳೆಂದು ಮೇಸ್ತ್ರಿಗೆ ಗೊತ್ತಿತ್ತು. ಗಿರಾಕಿಗಳು ಕಾಲಿಗೆ ಬಿದ್ದರೂ ಕೋಟು ಸತ್ತ ಗಾಲಿಗೆ ಪಾಲಿಶ್ ಹಚ್ಚಿ ಕೊಟ್ಟವಳಲ್ಲ. ಅವಳು ಎದ್ದು ಹೋಗಿ ದೊಡ್ಡಮ್ಮನಿಗೆ ಎಲ್ಲ ಹೇಳುತ್ತಾಳೆ, ತನ್ನನ್ನು ಅರ್ಧ ವರ್ಷ ಮಾತಾಡಿಸುವುದಿಲ್ಲ. ಆಗಲಿ, ಅಷ್ಟಾದರೆ ಸಾಕು, ಈ ಭಾರ ಅವಳ ಕೈಗೆ ಹೋಗಲಿ ಅಂತ ಅವನು ಒಳಗೊಳಗೇ ಕಾಯುತ್ತಿದ್ದ.

ಅವಳು ಪಕ್ಕದಲ್ಲಿ ಬಿದ್ದಿದ್ದ ಬಟ್ಟೆ ತೆಗೆದುಕೊಂಡು ಪುಡಿಯನ್ನು ಒರೆಸಿದಳು.

ಒಂದೇ ಸಲ, ಹಗುರವಾಗಿ. ಗೆರೆ ಹೋಯಿತು. ಒರೆಸಿದ ಮೇಲೆ ಅಲ್ಲಿ ಏನೂ ಇರಲಿಲ್ಲ. ಅಂಗೈಯಗಲ ಬರಿಯ ಲೋಹ, ಸುತ್ತ ಅವಳು ತರಿಸಿದ ಹೊಳಪು.

“ನಿಧಾನವಾಗಿ ಓಡಿಸ್ತೀಯಾ?” ಅಂದಳು ತಮ್ಮನಿಗೆ.

ಮೇಸ್ತ್ರಿ ತನ್ನ ಕಿವಿಯನ್ನೇ ನಂಬಲಿಲ್ಲ.

“ನಡ್ಕೊಂಡು ಹೋದ ಹಾಗೆ ಹೋಗ್ತೀನಿ ಅಕ್ಕ.”

“ತಿರುವಲ್ಲಿ?”

“ತಿರುವಲ್ಲಿ ಇನ್ನೂ ನಿಧಾನ.”

“ಏನು ಮಾತಾಡ್ತಾ ಇದೀಯ ನೀನು,” ಅಂದ ಮೇಸ್ತ್ರಿ.

ಅವಳು ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ಅದಕ್ಕಿಂತ ಕಷ್ಟವಾದದ್ದೇನೋ ಇತ್ತು. “ತಿಂಗಳು ಓಡಿಲ್ವಾ? ಇನ್ನೊಂದು ದಿನ ಓಡಲ್ವಾ? ನಾಳೆ ತೆಗೆದುಹಾಕೋಣ. ನಾನೇ ನಿಂತು ತೆಗೆಸ್ತೀನಿ. ಅಪ್ಪ ಇಲ್ಲ, ಅಮ್ಮ ಇಲ್ಲ, ನಾನು ಇವನಿಗೊಂದು ಮನೆ ಆಗಲಿ ಅಂತ ಎಷ್ಟು ಬಾಗಿಲು ತಟ್ಟಿದೀನಿ ನಿಮಗೆ ಗೊತ್ತಿಲ್ವಾ? ಅವತ್ತು ಇವನು ಕೇಳಿದಾಗ ಮಾಡಿಕೊಟ್ಟಿರಿ. ಇವತ್ತು ನಾನು ಕೇಳ್ತಾ ಇದೀನಿ.”

“ಅವತ್ತು ನನಗೆ ಗೀರು ಅಂತ ಒಂದು ನೆಪ ಇತ್ತು.”

“ಇವತ್ತೂ ಇಟ್ಟುಕೊಳ್ಳಿ.”

ಭಾಮೈದ ಗಾಲಿಯನ್ನು ಎತ್ತಲು ಎರಡೂ ಕೈ ಹಾಕಿದ. ಮೇಸ್ತ್ರಿ ಅದರ ಮೇಲೆ ತನ್ನ ಕೈ ಇಟ್ಟ. ಒತ್ತಲಿಲ್ಲ, ಸುಮ್ಮನೆ ಇಟ್ಟ. ಟೈರಿನ ರಬ್ಬರು ಇನ್ನೂ ರಸ್ತೆಯ ಬಿಸಿಯನ್ನು ಹಿಡಿದುಕೊಂಡಿತ್ತು, ಲೋಹ ತಣ್ಣಗಿತ್ತು.

“ಬಿಡಿ ಭಾವ.”

“ತಂಗಿ ಮನೆಗೆ ಹೋಗೋ ಮುದುಕಿ ಆಕೆ,” ಅಂದ ಮೇಸ್ತ್ರಿ. “ನೀನು ಸ್ಟೇರಿಂಗು ಹಿಡಿದು ಕೂತಿರ್ತೀಯ. ನಾಳೆ ಯಾರೋ ಬಂದು ಘಟ್ಟದಲ್ಲಿ ಹೀಗಾಯ್ತು ಅಂದರೆ, ಇವಳು ಈ ಸ್ಟೂಲಿನ ಮೇಲೆ ಕೂತಿರ್ತಾಳೆ. ಎದುರಿಗೆ ನಾನಿರ್ತೀನಿ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ಹೇಗೋ ನೋಡೋದು?”

“ಏನೂ ಆಗಲ್ಲ ಭಾವ.”

“ಅದನ್ನ ಹೇಳಬೇಕಾದ್ದು ನೀನಲ್ಲ. ಗಾಲಿ ಹೇಳಿ ಆಯ್ತು.”

ಕೋಲಿನ ಸದ್ದು ಹತ್ತಿರ ಬಂತು. ಟಕ್, ಟಕ್, ನಡುವೆ ಒಂದು ಕಾಲೆಳೆತ. ಅರೆಬಾಗಿಲ ಮೇಲೆ ಮೊದಲು ಕೋಲಿನ ಹಿಡಿ ಕಂಡಿತು, ಆಮೇಲೆ ಕನ್ನಡಕ, ಆಮೇಲೆ ದೊಡ್ಡಮ್ಮನ ಮುಖ. ಬಗ್ಗಿಕೊಂಡ ಮೂವರನ್ನೂ, ಮೂವರ ನಡುವಿನ ಗಾಲಿಯನ್ನೂ ನೋಡಿದರು.

“ಇದೇನು, ಮಗುವಿಗೆ ಹೆಸರಿಡೋ ಹಾಗೆ ಸುತ್ತ ಕೂತಿದೀರಿ.”

ಅವರು ಕನ್ನಡಕ ಸರಿಮಾಡಿಕೊಂಡರು. “ಹೊಳಪು ಬರಲಿಲ್ವಾ? ಬರದಿದ್ದರೆ ಬೇಡ ಬಿಡಿ ಮೇಸ್ತ್ರಿ, ಅದಕ್ಕೋಸ್ಕರ ಹೊತ್ತು ಕಳೆಯೋದು ಬೇಡ. ಹೊಳೆಯದಿದ್ದರೂ ಉರುಳುತ್ತಲ್ಲ, ನನ್ನ ಹಾಗೆ. ಅಲ್ಲಿ ತಂಗಿ ಬಾಗಿಲು ನೋಡಿಕೊಂಡು ಮಲಗಿರ್ತಾಳೆ. ಇದ್ದ ಹಾಗೇ ಹಾಕಿಕೊಡಿ, ಹೊರಡ್ತೀನಿ.”

ಭಾಮೈದ ಗಾಲಿಯನ್ನು ಅರ್ಧ ಎತ್ತಿದ. ಅವನ ಕಣ್ಣು ಭಾವನ ಕೈಯ ಮೇಲೆ.

ಹೆಂಡತಿ ದೊಡ್ಡಮ್ಮನಿಗೆ ಬೆನ್ನು ಮಾಡಿ ಗಂಡನ ಹತ್ತಿರಕ್ಕೆ ಸರಿದಳು. ತುಟಿಗಳಷ್ಟೇ ಅಲ್ಲಾಡಿದವು. “ಹಾಕ್ಕೊಡ್ರೀ. ನಿಮ್ಮ ಕಾಲು ಹಿಡೀತೀನಿ. ಹಾಕಿಕೊಟ್ಟುಬಿಡಿ.”

ಇಷ್ಟು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಏನನ್ನೂ ಹೀಗೆ ಕೇಳಿರಲಿಲ್ಲ. ಕೇಳಿದ್ದರೆ ತನ್ನ ಕೈ ಮುರಿದಾದರೂ ಅವನು ಮಾಡಿಕೊಡುತ್ತಿದ್ದ. ಅವಳ ಹಣೆಯ ಮೇಲೆ ಸೀಮೆಸುಣ್ಣದ ಪುಡಿ ಹತ್ತಿತ್ತು. ಅದನ್ನು ಒರೆಸಬೇಕು ಅನ್ನಿಸಿತು, ಒರೆಸಲಿಲ್ಲ. ಭಾಮೈದನ ಕೈಯಿಂದ ಗಾಲಿಯನ್ನು ಬಿಡಿಸಿಕೊಂಡು ತನ್ನ ಹಿಂದಕ್ಕೆ, ಓವನ್ನಿಗೆ ಆತು ನಿಲ್ಲುವ ಹಾಗೆ ಇಟ್ಟ. ಆಮೇಲೆ ಎದ್ದು ನಿಂತು, ಹೆಂಡತಿಯ ತಲೆಯ ಮೇಲಿಂದ ದೊಡ್ಡಮ್ಮನ ಕಡೆ ನೋಡುತ್ತ, ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

“ಇಲ್ಲ. ಈ ಗಾಲಿ ನಾನು ಹಾಕಿಕೊಡಲ್ಲ.”